ಕೊನೆಯ ಪಂಕ್ತಿ

ಆಳಂದ ರಸ್ತೆಯ ರೊಟ್ಟಿ ಕೇಂದ್ರದ ಹಿತ್ತಲಲ್ಲಿ
ಶಹಾಬಾದಿ ಫರಸಿ ಹೊದ್ದು ಮಲಗಿದ ಗ್ಯಾಸಿನ ಬಾವಿ
ಹದಿನೈದು ದಿನದಿಂದ ಮುನಿಸಿಕೊಂಡಿದೆ.
ಮುಚ್ಚಳ ಸರಿಸಿದರೆ
ಮೂರು ದಿನದ ಅಂಬಲಿಯನ್ನು ಕಾಲುಚೀಲದಲ್ಲಿ ಕಟ್ಟಿಟ್ಟಂಥ ಹುಳಿ.
ಒಲೆಯಲ್ಲಿ ಒಂದು ಹಳದಿ ನಾಲಿಗೆ
ಏಳುತ್ತದೆ, ತೊದಲುತ್ತದೆ, ಆರುತ್ತದೆ.
ಹಂಚು ತಣ್ಣಗೆ.

'ಹೊಟ್ಟಿ ಕೆಟ್ಟದ ಅದರದು' ಅಂದಳು ನೀಲಗಂಗಮ್ಮ.
'ಅನ್ನ ಹಾಕ್ತೀವಿ, ಸಾರು ಹಾಕ್ತೀವಿ,
ಹಾಸ್ಟೆಲ್ ಹುಡುಗ್ರು ಬಿಟ್ಟದ್ದೆಲ್ಲಾ ಬಕೀಟುಗಟ್ಲೆ ಸುರೀತೀವಿ.
ಇನ್ನೇನ್ ಬೇಕ್ರಿ ಅದಕ್ಕ?'

ಒಳಗಿರುವವರು ಕಣ್ಣಿಗೆ ಕಾಣದವರು,
ಗಾಳಿ ಸೋಕಿದರೆ ಸಾಯುವವರು.
ಆಕಾಶದಲ್ಲಿ ಪ್ರಾಣವಾಯು ಸೇರುವ ಮೊದಲೇ
ಇಲ್ಲಿ ಸಂಸಾರ ಹೂಡಿದ ಮಂದಿಯ ಮಕ್ಕಳು.
ಅವರದೂ ಪಂಕ್ತಿಯ ಊಟ:
ಮೊದಲು ಕೂತವರು ಅನ್ನ ಒಡೆದು ಹುಳಿ ಮಾಡುತ್ತಾರೆ,
ಕೊನೆಗೆ ಕೂತವರು ಆ ಹುಳಿ ಉಂಡು ಉರಿ ಕೊಡುತ್ತಾರೆ.
ಕೊನೆಯ ಪಂಕ್ತಿ ಕೈ ಸೋತು ಕೂತರೆ
ಹುಳಿ ಏರುತ್ತ ಏರುತ್ತ
ಬಡಿಸಿದವರನ್ನೂ ಮುಳುಗಿಸುತ್ತದೆ.

ಎಮ್ಮೆ ಎಲ್ಲಿ, ಕೇಳಿದೆ.
ಮಶಾಕಸಾಬ ಯುಗಾದಿ ಹೊತ್ತಿಗೆ ಮಾರಿದನಂತೆ,
ಎರಡನ್ನೂ, ಹಗ್ಗ ಸಮೇತ.
ಆವತ್ತಿನಿಂದ ಬಾವಿಗೆ ಸಗಣಿಯಿಲ್ಲ.
ಎಮ್ಮೆ ಮೇಯ್ದ ಕಣಿಕೆಗೆ ಕರಿಮಣ್ಣು ಅಂಟಿರುತ್ತಿತ್ತು,
ಮಣ್ಣಿನಲ್ಲಿ ಕಬ್ಬಿಣ, ನಿಕಲ್, ಕೋಬಾಲ್ಟ್,
ತಕ್ಕಡಿಗೆ ಸಿಗದಷ್ಟು.
ಸಗಣಿ ಅದನ್ನೆಲ್ಲ ಹೊತ್ತು ತರುತ್ತಿತ್ತು,
ಯಾರೂ ರಸೀದಿ ಬರೆದಿರಲಿಲ್ಲ.
ಬೆಳ್ಳಗೆ ತಿಕ್ಕಿದ ಅಕ್ಕಿಯ ಅನ್ನದಲ್ಲಿ ಅದೆಲ್ಲಿ?
ಹಳೆಯ ಗಂಟು ಕರಗಲು ಆರು ತಿಂಗಳು ಹಿಡಿಯಿತು, ಅಷ್ಟೇ.

ನಾಲ್ಕು ದಿನ ಉಪವಾಸ ಕೆಡವಿರಿ ಅಂದೆ,
ಸುಣ್ಣದ ತಿಳಿ ಬಿಟ್ಟೆ.
ಆಮೇಲೆ ಚೀಲದಿಂದ ಎರಡು ಸೀಸೆ:
ಹಸಿರು, ನಿಕಲ್ಲಿನದು.
ಗುಲಾಬಿ, ಕೋಬಾಲ್ಟಿನದು,
ರಂಜಾನಿನ ಶರಬತ್ತಿಗೆ ನೀರು ಹೆಚ್ಚಾದ ಬಣ್ಣ.
ಉಸಿರು ಬಿಗಿಹಿಡಿದು ಹನಿ ಎಣಿಸಿದೆ.
ಕೈ ತಪ್ಪಿದರೆ ಇದೇ ವಿಷ.

'ಇಷ್ಟ್ ದೊಡ್ಡ ಬಾವಿಗೆ ಇಷ್ಟೇ ಏನ್ರಿ?
ಕೂಸಿನ ಗಲ್ಲದ ಕಾಡಿಗಿ ಬೊಟ್ಟಿಗೂ ಸಾಲಂಗಿಲ್ಲ.'
ನಕ್ಕವಳು ನಗು ನಿಲ್ಲಿಸಿ ಸೀಸೆ ನೋಡಿದಳು.
'ನನಗೂ ಹಿಂಗೇ ಕೆಂಪಂದು ಚುಚ್ಚತಾರ,
ವಾರಕ್ಕೊಮ್ಮಿ, ಸರ್ಕಾರಿ ದವಾಖಾನ್ಯಾಗ.'
ಬೆರಳು ಚಾಚಿದಳು.
ಮೂವತ್ತು ವರ್ಷ ರೊಟ್ಟಿ ಬಡಿದ ಬೆರಳು,
ತುದಿಯಲ್ಲಿ ಸುಟ್ಟ ಕಲೆ, ಕಲೆಯ ಮೇಲೆ ಕಲೆ.
ಹೋದ ದೀಪಾವಳಿಯಿಂದ ಇರುವೆ ಹರಿದ ಹಾಗೆ ಜುಮುಜುಮು.
ಬಿಸಿನೀರಿನ ಹಿಟ್ಟು ಬಿಸಿ ಅನಿಸುವುದಿಲ್ಲ,
ಹಂಚಿಗೆ ತಾಗಿದ್ದು
ವಾಸನೆ ಬಂದಾಗ ಗೊತ್ತಾಗುತ್ತದಂತೆ.

ಅಕ್ಕಾ, ಇದು ಅದೇ ಲೋಹ.
ನಿನ್ನ ಸೂಜಿಯ ಕೆಂಪಿನ ನಟ್ಟನಡುವೆ
ಕೋಬಾಲ್ಟಿನದೊಂದು ಕಣ ಕೂತಿರುತ್ತದೆ.
ಆ ಮದ್ದು ಯಾವ ಗಿಡವೂ ಕಟ್ಟಲಾರದು,
ಎಮ್ಮೆಯೂ ಕಟ್ಟಲಾರದು,
ಎಮ್ಮೆಯ ಹೊಟ್ಟೆಯೊಳಗಿನ ಇಂಥವರೇ ಕಟ್ಟಬೇಕು
ಎಂದೆಲ್ಲ ಹೇಳಿದೆ.
ಅವಳು ಅರ್ಧ ಕೇಳಿಸಿಕೊಂಡಳು.
'ಅಂದ್ರ ನನಗೂ ಬಾವಿಗೂ ಒಂದೇ ಬ್ಯಾನಿ.'

ಹನ್ನೊಂದನೆಯ ದಿನ ಬೆಳಿಗ್ಗೆ ಹೋದಾಗ
ಹಂಚಿನ ಕೆಳಗೆ ಸದ್ದಿಲ್ಲದ ನೀಲಿ.
ಸಾಲಾಗಿ ಕೂತವರ ಬಡಿತ, ಟಪ ಟಪ,
ಪುಂಡಿಪಲ್ಯದ ಘಮ, ಯಾರದೋ ಫೋನಿನ ಜಗಳ.
ನೀಲಗಂಗಮ್ಮ ಉರಿಯ ಪಕ್ಕ ಅಂಗೈ ಹಿಡಿದು
ಬಾಜೂ ಕೂತ ಹುಡುಗಿಗೆ ಕೇಳುತ್ತಿದ್ದಳು:
'ಕಾವು ಐತೇನ, ಸರಿಯಾಗಿ ಹೇಳು.'
ನನ್ನ ನೋಡಿ,
'ನಿಮ್ಮ ಬಾವಿ ಎದ್ದು ಕೂತದ.
ನಂದಿನ್ನೂ ಎಂಟ್ ಸೂಜಿ ಬಾಕಿ ಅವ.
ಎಲ್ಲಾರೂ ಪಟ್ಟಿ ಹಾಕಿ ಎಮ್ಮಿ ಒಂದು ನೋಡ್ಲಿಕತ್ತೀವ್ರಿ,
ಹಾಲು ಕಮ್ಮಿ ಇದ್ರೂ ನಡೀತದ.'